ನಿಂತ ಗಾಡಿಯ ರಿಪೇರಿ

ಮೆಟಡೋರ್ ಎಂಬುದು ಒಂದು ಕಂಪೆನಿ ತಯಾರಿಸಿದ ಒಂದು ವ್ಯಾನಿನ ಹೆಸರೆಂಬುದು ನಮ್ಮ ಕರಾವಳಿಯಲ್ಲಿ ಹೆಚ್ಚಿನವರಿಗೆ ಮರೆತೇ ಹೋಗಿದೆ. ಮದುವೆಯ ದಿಬ್ಬಣಕ್ಕೂ ಮೆಟಡೋರ್, ಮೀನಿನ ಪೆಟ್ಟಿಗೆಗೂ ಮೆಟಡೋರ್, ರಾತ್ರಿ ಹೊತ್ತು ಮಣಿಪಾಲದ ಆಸ್ಪತ್ರೆಗೆ ರೋಗಿಯನ್ನು ಒಯ್ಯುವುದಕ್ಕೂ ಮೆಟಡೋರ್. ಜರ್ಮನಿಯ ಟೆಂಪೋ ಕಂಪೆನಿಯ ಮಾದರಿಗಳನ್ನು ಪುಣೆಯ ಬಜಾಜ್ ಟೆಂಪೋದವರು ನಮ್ಮ ದೇಶದಲ್ಲಿ ತಯಾರಿಸತೊಡಗಿದ ಮೇಲೆ ಟೆಂಪೋ, ಮೆಟಡೋರ್ ಎಂಬ ಎರಡೂ ಶಬ್ದಗಳು ನಮ್ಮ ಭಾಷೆಯೊಳಗೆ ಸೇರಿಕೊಂಡವು. 2005ರಲ್ಲಿ ಆ ಕಂಪೆನಿ ತನ್ನ ಹೆಸರನ್ನು ಫೋರ್ಸ್ ಮೋಟಾರ್ಸ್ ಎಂದು ಬದಲಿಸಿಕೊಂಡಿತು. ಮೆಟಡೋರಿನ ತಯಾರಿಕೆಯೂ ನಿಂತು ವರ್ಷಗಳಾದವು. ಆದರೆ ಜನರ ಬಾಯಲ್ಲಿ ಅದು ಇನ್ನೂ ಓಡುತ್ತಲೇ ಇದೆ.

ಹಿರಿಯಡ್ಕದಲ್ಲಿರುವ ನನ್ನ ಮಾಮು, ಅಂದರೆ ತಾಯಿಯ ಅಣ್ಣ, ಇಂಥದೊಂದು ಮೆಟಡೋರನ್ನು 1996ರಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡರು. 1989ರ ಮಾದರಿ. ಅವರದು ಜಾತ್ರೆ ವ್ಯಾಪಾರ. ಬಳೆ, ಕ್ಲಿಪ್ಪು, ರಿಬ್ಬನ್, ಮಕ್ಕಳ ಆಟಿಕೆ. ದೀಪಾವಳಿ ಕಳೆದ ಮೇಲೆ ಹೊರಟರೆ ಮೇ ತಿಂಗಳ ಕೊನೆಯ ಸುಮಾರಿಗೆ ಬರುವ ಪತ್ತನಾಜೆಯವರೆಗೆ ಅವರಿಗೂ ಮುಮಾನಿಗೂ ಆ ಗಾಡಿಯೇ ಮನೆ. ತುಳುನಾಡಿನಲ್ಲಿ ಪತ್ತನಾಜೆ ಎಂದರೆ ಜಾತ್ರೆ, ಕೋಲ, ಯಕ್ಷಗಾನಗಳಿಗೆ ತೆರೆ ಬೀಳುವ ದಿನ. ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ನನ್ನ ಮಾಮು ಗಾಡಿಯ ಬ್ಯಾಟರಿ ಬಿಚ್ಚುತ್ತಿದ್ದರು.

ಆ ಗಾಡಿಯ ಒಳಗನ್ನು ನಾನು ಚಿಕ್ಕವನಿದ್ದಾಗಿನಿಂದ ಬಲ್ಲೆ. ಬೆಂಚಿನಂತೆ ಕೂರಿಸಿ ಬೇಕಾದಾಗ ಎತ್ತಿಡಬಹುದಾದ ಎರಡು ಹಲಗೆಗಳು. ಹಗಲು ಅವುಗಳ ಮೇಲೆ ಬಳೆಯ ಡಬ್ಬಗಳು, ರಾತ್ರಿ ಹಾಸಿಗೆ. ಬಾಗಿಲ ಬಳಿ ಸೀಮೆಎಣ್ಣೆಯ ಸ್ಟೌ, ಆಮೇಲಿನ ವರ್ಷಗಳಲ್ಲಿ ಸಣ್ಣ ಗ್ಯಾಸ್. ಇಪ್ಪತ್ತು ಲೀಟರಿನ ನೀರಿನ ಕ್ಯಾನ್, ಸೊಳ್ಳೆ ಪರದೆ, ಮಡಚಿಟ್ಟ ಜಾನಮಾಝ್, ಮುಮಾನಿಯ ಎಲೆ ಅಡಿಕೆಯ ಡಬ್ಬ. ಗಾಡಿಯ ಸ್ವರೂಪವನ್ನು ಬದಲಿಸಲು 1988ರ ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಆದ್ದರಿಂದ ಅವರು ಒಂದು ತೂತೂ ಕೊರೆಯದೆ, ಒಂದು ತಗಡನ್ನೂ ಕತ್ತರಿಸದೆ ಮನೆ ಮಾಡಿಕೊಂಡಿದ್ದರು. ಎಫ್.ಸಿ.ಗೆ ಹೋಗುವ ದಿನ ಹಲಗೆಗಳನ್ನು ಇಳಿಸಿದರೆ ಅದು ಮತ್ತೆ ಬರಿಯ ವ್ಯಾನ್.

ಪಾಶ್ಚಾತ್ಯ ದೇಶಗಳಲ್ಲಿ ಇಂಥ ಗಾಡಿಗೆ ಮೋಟಾರ್ ಹೋಮ್ ಎನ್ನುತ್ತಾರೆ. ಅಲ್ಲಿ ಅದು ರಜೆ ಕಳೆಯುವ ಸಾಧನ. ಅರುವತ್ತು ಎಪ್ಪತ್ತರ ದಶಕಗಳಲ್ಲಿ ಯುರೋಪಿನ ತರುಣರು ಫೋಕ್ಸ್‌ವ್ಯಾಗನ್ ವ್ಯಾನುಗಳಲ್ಲಿ ಇಸ್ತಾಂಬುಲ್, ಟೆಹರಾನ್, ಕಾಬೂಲ್ ದಾಟಿ ಗೋವಾದವರೆಗೆ ಬರುತ್ತಿದ್ದರು. 1979ರಲ್ಲಿ ಇರಾನಿನ ಕ್ರಾಂತಿ, ಆ ವರ್ಷದ ಕೊನೆಯಲ್ಲಿ ಅಫ್ಘಾನಿಸ್ತಾನಕ್ಕೆ ರಷ್ಯಾದ ಸೇನೆ ನುಗ್ಗಿದ್ದು, ಇವೆರಡರಿಂದ ಆ ದಾರಿ ಮುಚ್ಚಿತು. ನಮ್ಮಲ್ಲಿ ಚಕ್ರದ ಮೇಲಿನ ಮನೆ ರಜೆಗಾಗಿ ಹುಟ್ಟಿದ್ದಲ್ಲ, ಹೊಟ್ಟೆಪಾಡಿಗಾಗಿ ಹುಟ್ಟಿದ್ದು. ಸರ್ಕಸ್ಸಿನವರದು, ಟೆಂಟ್ ಮೇಳದವರದು, ಜಾತ್ರೆ ವ್ಯಾಪಾರಿಗಳದು. ಸಾಚಾರ್ ಸಮಿತಿಯ 2006ರ ವರದಿಯ ಪ್ರಕಾರ ದೇಶದ ಮುಸ್ಲಿಂ ಪುರುಷ ದುಡಿಮೆಗಾರರಲ್ಲಿ ಶೇಕಡಾ 12ಕ್ಕೂ ಹೆಚ್ಚು ಮಂದಿ ಬೀದಿ ವ್ಯಾಪಾರದಲ್ಲಿದ್ದರು; ರಾಷ್ಟ್ರೀಯ ಸರಾಸರಿ ಶೇಕಡಾ 8ಕ್ಕಿಂತ ಕಡಿಮೆ. ಆ ಅಂಕಿಯ ಒಳಗೆ ನನ್ನ ಮಾಮು ಮತ್ತು ಅವರ ಮೆಟಡೋರ್ ಕೂಡ ಎಲ್ಲೋ ಒಂದು ಕಡೆ ಇರಬೇಕು.

ಅವರ ವರ್ಷದ ದಾರಿಯನ್ನು ನೋಡಿದರೆ ಈ ಜಿಲ್ಲೆಯ ನಕ್ಷೆಯೇ ಕಾಣುತ್ತಿತ್ತು. ಜನವರಿಯ ಕೊನೆಯಲ್ಲಿ ಕಾರ್ಕಳದ ಅತ್ತೂರು ಇಗರ್ಜಿಯ ಸಾಂತ್‌ಮಾರಿ. ಆಮೇಲೆ ಸಿರಿ ಜಾತ್ರೆಗಳು, ರಥೋತ್ಸವಗಳು, ನಡುವೆ ಎಲ್ಲಾದರೂ ಉರೂಸ್. ಅದಕ್ಕೂ ಮೊದಲು, ಡಿಸೆಂಬರ್ ಜನವರಿಯ ನಡುವೆ, ಘಟ್ಟದ ಮೇಲಿನ ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ಜಾತ್ರೆ. ಹಿರಿಯಡ್ಕದಿಂದ ಪೆರ್ಡೂರು, ಹೆಬ್ರಿ, ಸೋಮೇಶ್ವರ, ಅಲ್ಲಿಂದ ಆಗುಂಬೆ ಘಾಟಿ. ಹತ್ತುವಾಗ ಇಂಜಿನ್‌ಗೆ ಪರೀಕ್ಷೆ, ಇಳಿಯುವಾಗ ಬ್ರೇಕಿಗೆ ಪರೀಕ್ಷೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಜಾತ್ರೆಗಳ ಋತುವಿನ ನಡುವೆಯೇ ಗಾಡಿ ನಿಂತಿತು. 2021ರಲ್ಲೂ ಹೆಚ್ಚು ಕಡಿಮೆ ಅದೇ ಕಥೆ. 2022ರಲ್ಲಿ ಎಲ್ಲ ಸರಿಹೋಯಿತು ಎಂದುಕೊಳ್ಳುವಾಗ ಮಾರ್ಚ್ ತಿಂಗಳಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಬ್ಯಾನರುಗಳು ಕಾಣಿಸಿಕೊಂಡವು. ಧಾರ್ಮಿಕ ದತ್ತಿ ಕಾಯ್ದೆಯ ಅಡಿಯಲ್ಲಿ 2002ರಲ್ಲಿ ಮಾಡಿದ್ದ ಒಂದು ನಿಯಮವನ್ನು ಸರ್ಕಾರ ವಿಧಾನಸಭೆಯಲ್ಲಿ ಎತ್ತಿ ಹೇಳಿತು. ಇಪ್ಪತ್ತೈದು ವರ್ಷ ಒಂದೇ ಮೂಲೆಯಲ್ಲಿ ಅಂಗಡಿ ಹಾಕುತ್ತಿದ್ದ ಒಂದು ಜಾತ್ರೆಯಿಂದ ಮಾಮು ಹಲಗೆ ಇಳಿಸದೆಯೇ ಹಿಂದೆ ಬಂದರು. ಯಾರೊಂದಿಗೂ ಜಗಳವಾಡಲಿಲ್ಲ. ಗಾಡಿಯನ್ನು ಅಂಗಳದ ಹಲಸಿನ ಮರದ ಕೆಳಗೆ ನಿಲ್ಲಿಸಿ ಟರ್ಪಾಲು ಹೊದೆಸಿದರು. ಮೂರು ಮಳೆಗಾಲ ಅದು ಹಾಗೆಯೇ ನಿಂತಿತ್ತು.

2024ರ ಅಕ್ಟೋಬರಿನಲ್ಲಿ ಮಾಮು ನನ್ನನ್ನು ಕರೆಸಿದರು. ಗುಜರಿಯವನೊಬ್ಬ ಬಂದು ಬೆಲೆ ಹೇಳಿ ಹೋಗಿದ್ದ. ಕೊಲ್ಲಿಯಲ್ಲಿರುವ ಮಗ ಫೋನಿನಲ್ಲಿ, "ಅಬ್ಬಾ, ಕೊಟ್ಟುಬಿಡಿ, ಇನ್ನು ಯಾವ ಜಾತ್ರೆ" ಎಂದಿದ್ದ. ಹದಿನೈದು ವರ್ಷ ದಾಟಿದ ಗಾಡಿಗಳ ಶುಲ್ಕಗಳೂ 2022ರ ಏಪ್ರಿಲಿನಿಂದ ಏರಿವೆ. ಸಾಧಾರಣ ಕಾರಿನ ನೋಂದಣಿ ನವೀಕರಣಕ್ಕೇ 600 ರೂಪಾಯಿ ಇದ್ದದ್ದು 5000 ಆಯಿತು. ಲೆಕ್ಕ ಹಾಕಿದರೆ ಗುಜರಿಯೇ ಸರಿ. ಆದರೆ ಎಪ್ಪತ್ತು ದಾಟಿದ ಮಾಮು ಇನ್ನೊಂದು ಸಲ ಹೊರಡಬೇಕು ಎನ್ನುತ್ತಿದ್ದರು. ಮುಮಾನಿ ನನ್ನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು: "ಬ್ರೇಕ್ ಸರಿಯಾದರೆ ಮಾತ್ರ ನಾನು ಹತ್ತುತ್ತೇನೆ."

ಆ ಮಾತಿಗೆ ಹಿನ್ನೆಲೆಯಿದೆ. 2007ರಲ್ಲಿ ತೀರ್ಥಹಳ್ಳಿಯಿಂದ ಇಳಿದು ಬರುವಾಗ ಆಗುಂಬೆ ಘಾಟಿಯ ನಡುವೆ ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ನೆಲದವರೆಗೆ ಹೋಗಿತ್ತು. ಮಾಮು ಹೇಗೋ ಒಂದನೇ ಗೇರಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿ ನಿಲ್ಲಿಸಿದ್ದರು. ಬಳೆಗಳು ಒಡೆದವು, ಮನುಷ್ಯರಿಗೇನೂ ಆಗಲಿಲ್ಲ. ಅರ್ಧ ಗಂಟೆ ಕಳೆದು ನೋಡಿದರೆ ಪೆಡಲ್ ಮತ್ತೆ ಮೊದಲಿನಂತೆ ಗಟ್ಟಿ! ಆ ದಿನ ಏನಾಯಿತೆಂದು ಇಷ್ಟು ವರ್ಷ ಅವರಿಗೆ ಯಾರೂ ಹೇಳಿರಲಿಲ್ಲ.

ಹೇಳಿದವರು ಹಿರಿಯಡ್ಕ ಪೇಟೆಯಿಂದ ತುಸು ಆಚೆ ಗ್ಯಾರೇಜ್ ಇಟ್ಟುಕೊಂಡಿರುವ ಮೇಸ್ತ್ರಿ. ಅರುವತ್ತೈದರ ಆಸುಪಾಸಿನ ಮನುಷ್ಯ. ಮೆಟಡೋರಿನ ಹೊಟ್ಟೆಯೊಳಗಿನದೆಲ್ಲ ಅವರಿಗೆ ಬಾಯಿಪಾಠ. ಕೆಲಸಕ್ಕೆ ಒಪ್ಪಿಕೊಳ್ಳುವ ಮೊದಲು ಒಂದು ಷರತ್ತು ಹಾಕಿದರು. "ನೋಡಿ ಸಾಯ್ಬರೆ, ಇಂಜಿನ್ ಸ್ಟಾರ್ಟ್ ಆಗದಿದ್ದರೆ ಯಾರೂ ಸಾಯುವುದಿಲ್ಲ. ಬ್ರೇಕ್ ಹಿಡಿಯದಿದ್ದರೆ ಸಾಯ್ತಾರೆ. ಹಾಗಾಗಿ ಮೊದಲು ಬ್ರೇಕ್, ಆಮೇಲೆ ಡೀಸೆಲಿನ ಕೆಲಸ. ನಡುವೆ ಅರ್ಜೆಂಟ್ ಮಾಡಬಾರದು." ಮಾಮು ಒಪ್ಪಿದರು. ಗಾಡಿಯನ್ನು ಜೀಪಿಗೆ ಕಟ್ಟಿ, ಸರಪಳಿಯಲ್ಲಿ ಎಳೆದು ತಂದೆವು. ಹಿಂದಿನ ಎಡಚಕ್ರ ಉರುಳಲೇ ಇಲ್ಲ, ರಸ್ತೆಯುದ್ದಕ್ಕೂ ಉಜ್ಜಿಕೊಂಡೇ ಬಂತು.

ಡ್ರಮ್ಮನ್ನು ಸುತ್ತಲೂ ಬಡಿದು ಬಡಿದು ಕಳಚುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಳಗೆ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡು ಒಂದೇ ತುಂಡಿನಂತಾಗಿತ್ತು. ವೀಲ್ ಸಿಲಿಂಡರಿನ ಪಿಸ್ಟನ್‌ಗಳು ಜಾಮ್. ಬಿಚ್ಚಿ ನೋಡಿದರೆ ಕನ್ನಡಿಯಂತೆ ನುಣುಪಾಗಿರಬೇಕಾದ ಒಳಮೈಯಲ್ಲಿ ಸಿಡುಬಿನ ಕಲೆಯಂತಹ ಗುಳಿಗಳು. ಎರಡು ಚಕ್ರಗಳಲ್ಲಿ ರಬ್ಬರಿನ ಕಪ್ಪುಗಳು ಊದಿಕೊಂಡು ಮೆತ್ತಗಾಗಿದ್ದವು. ಮೇಸ್ತ್ರಿ ಅದನ್ನು ಮೂಸಿ ನೋಡಿ, "ಎಲ್ಲೋ ಯಾರೋ ಇಂಜಿನ್ ಆಯಿಲ್ ಹೊಯ್ದಿದ್ದಾರೆ ಮಾರಾಯ್ರೆ" ಎಂದರು.

ಇಲ್ಲಿ ಸ್ವಲ್ಪ ವಿವರಿಸಬೇಕು. ಬ್ರೇಕ್ ಆಯಿಲ್ ಎಂದು ನಾವು ಕರೆದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಹೈಡ್ರಾಲಿಕ್ ಬ್ರೇಕ್ ಹೊಸದಾಗಿ ಬಂದ ಕಾಲದಲ್ಲಿ ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿ ಬಳಸುತ್ತಿದ್ದರು. ಹರಳೆಣ್ಣೆ ರಬ್ಬರನ್ನು ಕೆಡಿಸುವುದಿಲ್ಲ. ಆದರೆ ಇಂಜಿನ್ ಆಯಿಲಿನಂತಹ ಖನಿಜ ತೈಲ ತಾಗಿದರೆ ಬ್ರೇಕಿನ ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಬ್ರೇಕ್ ನಿಂತಿರುವುದು ಹದಿನೇಳನೆಯ ಶತಮಾನದ ಪ್ಯಾಸ್ಕಲ್ ಎಂಬ ಫ್ರೆಂಚ್ ವಿಜ್ಞಾನಿ ಹೇಳಿದ ಒಂದು ಸರಳ ಸತ್ಯದ ಮೇಲೆ. ಮುಚ್ಚಿದ ಜಾಗದಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ. ಪಾದದ ಬಲ ನಾಲ್ಕು ಚಕ್ರಗಳಿಗೆ ಒಮ್ಮೆಗೇ ತಲುಪುವುದು ಹಾಗೆ. ದ್ರವ ಕುಗ್ಗುವುದಿಲ್ಲ, ಅದಕ್ಕೇ ಬ್ರೇಕ್ ಹಿಡಿಯುತ್ತದೆ. ಗಾಳಿಯಾಗಲಿ ಆವಿಯಾಗಲಿ ಕುಗ್ಗುತ್ತದೆ. ಅದು ಒಳಗೆ ಸೇರಿತೋ, ನಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಹಿಂಡುವುದಕ್ಕೇ ಖರ್ಚಾಗುತ್ತದೆ.

ಈ ದ್ರವಕ್ಕೆ ಇನ್ನೊಂದು ಗುಣವಿದೆ. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಬ್ಬದ ಮೇಲೆ ಡಾಟ್ 3 ಎಂದು ಬರೆದಿರುವ ಹೊಸ ದ್ರವ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ ನೀರು ಸೇರಿದರೆ ಸಾಕು, ಕುದಿಯುವ ಮಟ್ಟ 140 ಡಿಗ್ರಿಯವರೆಗೆ ಇಳಿಯಬಹುದು. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರಾಗುವ, ಚಪ್ಪಲಿಗೆ ಬೂಷ್ಟು ಹಿಡಿಯುವ ನಮ್ಮ ಊರಿನಲ್ಲಿ ಇದಕ್ಕೆ ಹೆಚ್ಚು ಕಾಲ ಬೇಡ. ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಡ್ರಮ್ ಕಾಯುತ್ತದೆ, ಶಾಖ ದ್ರವಕ್ಕೆ ಮುಟ್ಟುತ್ತದೆ, ಒಳಗಿನ ನೀರು ಕುದಿದು ಆವಿಯಾಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ತಣಿದ ಮೇಲೆ ಆವಿ ಮತ್ತೆ ನೀರು, ಪೆಡಲ್ ಮತ್ತೆ ಗಟ್ಟಿ. ಮೇಸ್ತ್ರಿ ಇದನ್ನು ಹೇಳುತ್ತಿದ್ದಂತೆ ಮಾಮು ಸುಮ್ಮನೆ ಕೇಳುತ್ತಾ ಕುಳಿತಿದ್ದರು. ಹದಿನೇಳು ವರ್ಷದ ಹಿಂದಿನ ಆ ಸಂಜೆಗೆ ಈಗ ಕಾರಣ ಸಿಕ್ಕಿತ್ತು.

ನಾಲ್ಕು ಚಕ್ರಗಳ ಸಿಲಿಂಡರುಗಳು ಹೊಸದು ಬೇಕು. ಮಾಸ್ಟರ್ ಸಿಲಿಂಡರ್ ಕೂಡ. ಉಡುಪಿಯಲ್ಲಿ ಸಿಗಲಿಲ್ಲ, ಮಂಗಳೂರಿನಲ್ಲಿ ಎರಡು ಸಿಕ್ಕಿತು. ಉಳಿದದ್ದಕ್ಕೆ ನಾನೇ ಬೆಂಗಳೂರಿಗೆ ಹೋದೆ. ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿ, ಶಿವಾಜಿನಗರದ ಗುಜರಿ ಗಲ್ಲಿಗಳಿಗೆ ಇಳಿದಾಗ ನನ್ನ ಉರ್ದು ಶಾಲೆಯ ಶುದ್ಧ ಉರ್ದುವಿಗಿಂತ ಮನೆಯ ದಖ್ಖನಿಯೇ ಉಪಯೋಗಕ್ಕೆ ಬಂತು. "ಕ್ಯಾ ಹೋನಾ?" ಎಂದು ಕೇಳಿದ ಮುದುಕರೊಬ್ಬರು ಮೆಟಡೋರ್ ಎಂಬ ಹೆಸರು ಕೇಳಿದ್ದೇ ನಕ್ಕು, ಅಟ್ಟದಿಂದ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಇಳಿಸಿದರು. ಮೇಣದ ಕಾಗದದಲ್ಲಿ ಸುತ್ತಿದ್ದ ಹೊಸ ಮಾಸ್ಟರ್ ಸಿಲಿಂಡರ್. ಎಷ್ಟೋ ವರ್ಷಗಳಿಂದ ಅದು ಗಿರಾಕಿಗಾಗಿ ಕಾಯುತ್ತಿತ್ತು.

ಗಾಡಿಯ ಹೊಟ್ಟೆಯಡಿ ಹೋಗುವ ಸಣ್ಣ ಸ್ಟೀಲ್ ಪೈಪುಗಳು ಕ್ಲಿಪ್ ಹಾಕಿದ ಜಾಗದಲ್ಲೇ ತುಕ್ಕು ಹಿಡಿದಿದ್ದವು. ಮೇಲೆ ನೋಡಿದರೆ ಪೈಪು ಚೆನ್ನಾಗಿಯೇ ಇದೆ, ಕ್ಲಿಪ್ ಬಿಚ್ಚಿದರೆ ಅದರಡಿ ಕಾಗದದಷ್ಟು ತೆಳ್ಳಗೆ. ತಾಮ್ರದ ಪೈಪ್ ಹಾಕಿದರೆ ಸುಲಭವಾಗಿ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲವಲ್ಲ ಎಂದು ನಾನು ಕೇಳಿದೆ. ಬರಿಯ ತಾಮ್ರ ಗಾಡಿಯ ಅದುರುವಿಕೆಗೆ ಬಳಲಿ ಒಂದು ದಿನ ಸೀಳುತ್ತದೆ ಎಂದು ಮೇಸ್ತ್ರಿ ಒಪ್ಪಲಿಲ್ಲ. ಸ್ಟೀಲ್ ಪೈಪನ್ನೇ ತಂದು, ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ತಿರುವಿಗೆ ತಿರುವು ಬಗ್ಗಿಸಿ, ತುದಿಯನ್ನು ಎರಡು ಮಡಿಕೆಯಾಗಿ ಅರಳಿಸಿ ಕೂರಿಸಿದರು. ಚಕ್ರದ ಬಳಿಯ ರಬ್ಬರ್ ಹೋಸುಗಳನ್ನು ಒಂದನ್ನೂ ಉಳಿಸಲಿಲ್ಲ. ಹೊರಗೆ ಸರಿಯಿದ್ದರೂ ಒಳಗೆ ಊದಿಕೊಂಡ ಹೋಸು ದ್ರವವನ್ನು ಹೋಗಲು ಬಿಡುತ್ತದೆ, ಹಿಂದೆ ಬರಲು ಬಿಡುವುದಿಲ್ಲ. ಆಗ ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ.

ಕೊನೆಗೆ ಲೈನಿನ ಗಾಳಿ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರ ಮೊದಲು, ಅಂದರೆ ಹಿಂದಿನ ಎಡಚಕ್ರ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಮೇಸ್ತ್ರಿಯ ಹುಡುಗ ಊರಿಗೆ ಹೋಗಿದ್ದರಿಂದ ಪೆಡಲಿನ ಬಳಿ ನಾನೇ ಕುಳಿತೆ. ಗಾಡಿಯಡಿಯಿಂದ ಮೇಸ್ತ್ರಿಯ ಧ್ವನಿ: "ಒತ್ತಿ... ಹಿಡ್ಕೊಳ್ಳಿ... ಬಿಡಿ." ಒತ್ತಿ ಹಿಡಿದಾಗ ನಿಪ್ಪಲ್ ತೆರೆಯುತ್ತಾರೆ, ಕಾಲು ಕೆಳಗೆ ಇಳಿಯುತ್ತದೆ, ಪಾರದರ್ಶಕ ಟ್ಯೂಬಿನಲ್ಲಿ ಗುಳ್ಳೆಗಳು ಬಾಟಲಿಗೆ ಬರುತ್ತವೆ. ನಿಪ್ಪಲ್ ಮುಚ್ಚುವ ಮೊದಲು ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಮೊದಲು ಬಂದದ್ದು ಕಾಫಿಯಂತಹ ಕಪ್ಪು ನೀರು, ಆಮೇಲೆ ಚಹಾದ ಬಣ್ಣ, ಕೊನೆಗೆ ತಿಳಿ ಜೇನಿನ ಬಣ್ಣ. ಒಂದೂ ಗುಳ್ಳೆ ಬಾರದವರೆಗೆ ಅವರು ಚಕ್ರ ಬಿಟ್ಟು ಏಳಲಿಲ್ಲ. ನಾಲ್ಕನೆಯ ಚಕ್ರ ಮುಗಿದಾಗ ನನ್ನ ಪಾದದ ಕೆಳಗೆ ಪೆಡಲ್ ಕಲ್ಲಿನಂತೆ ನಿಂತಿತ್ತು.

ಆಮೇಲೆ ಡೀಸೆಲಿನ ಸರದಿ. ಟ್ಯಾಂಕಿನ ಅಡಿಯ ಬೋಲ್ಟ್ ಬಿಚ್ಚಿದಾಗ ಮೊದಲು ಇಳಿದದ್ದು ಡೀಸೆಲಲ್ಲ, ನೀರು. ಅದರ ಹಿಂದೆ ತುಕ್ಕಿನ ಕೆಸರು, ಲೋಳೆಯಂತಹ ಕಪ್ಪು ಪದಾರ್ಥ. ಅರ್ಧ ಖಾಲಿಯಾದ ಟ್ಯಾಂಕು ಹಗಲು ಬಿಸಿಯಾಗಿ ರಾತ್ರಿ ತಣಿಯುತ್ತಾ ಉಸಿರಾಡುತ್ತದೆ. ಪ್ರತಿ ಉಸಿರಿನಲ್ಲೂ ಒಂದಿಷ್ಟು ತೇವ ಒಳಗೆ ಬಂದು ಹನಿಯಾಗುತ್ತದೆ. ನೀರು ಡೀಸೆಲಿಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಆ ಲೋಳೆ ಅವುಗಳದು. ಆದ್ದರಿಂದಲೇ ಗಾಡಿಯನ್ನು ಮಳೆಗಾಲಕ್ಕೆ ನಿಲ್ಲಿಸುವವರು ಟ್ಯಾಂಕು ತುಂಬಿಸಿ ನಿಲ್ಲಿಸಬೇಕು. ಖಾಲಿ ಜಾಗವಿಲ್ಲದಿದ್ದರೆ ತೇವಕ್ಕೂ ಜಾಗವಿಲ್ಲ.

ಟ್ಯಾಂಕು ತೊಳೆದು ತರಲು ರೇಡಿಯೇಟರ್ ಕೆಲಸದವರ ಬಳಿ ಒಯ್ದೆವು. ಒಳಗೆ ಸಣ್ಣ ಸರಪಳಿ ಹಾಕಿ ಕುಲುಕಿ ತುಕ್ಕು ಉದುರಿಸಿದರು, ಕಾಸ್ಟಿಕ್ ಸೋಡಾದ ಬಿಸಿ ನೀರಿನಲ್ಲಿ ಹಲವು ಸಲ ತೊಳೆದರು. ಒಂದು ಕಡೆ ಸಣ್ಣ ತೂತು ಬೆಸುಗೆ ಮಾಡಬೇಕಿತ್ತು. ಟ್ಯಾಂಕು ಖಾಲಿಯಾಗಿದೆಯಲ್ಲ ಎಂದು ನೇರವಾಗಿ ಬೆಂಕಿ ಹಿಡಿದವರು ಪ್ರಾಣ ಕಳೆದುಕೊಂಡದ್ದುಂಟು. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕು ಹೆಚ್ಚು ಅಪಾಯ. ಅವರು ಬೆಸುಗೆಯ ಜಾಗದವರೆಗೂ ನೀರು ತುಂಬಿಸಿಯೇ ಕೆಲಸ ಮಾಡಿದರು.

ಮೆಟಡೋರಿನಲ್ಲಿರುವುದು ಜರ್ಮನಿಯ ಬೆಂಜ್ ಕಂಪೆನಿಯ ಲೈಸೆನ್ಸಿನಲ್ಲಿ ಇಲ್ಲಿ ತಯಾರಾದ ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್. ಅದರ ಪಂಪಿನ ಮೇಲೆ ಮೈಕೋ ಎಂಬ ಹೆಸರಿತ್ತು. 1951ರಲ್ಲಿ ಶುರುವಾದ ಮೈಕೋ ಕಂಪೆನಿ ನಮ್ಮ ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆ ಡೀಸೆಲ್ ಪಂಪು ಒದಗಿಸಿದ ಸಂಸ್ಥೆ. 2008ರಲ್ಲಿ ಅದರ ಹೆಸರು ಬಾಷ್ ಆಯಿತು. ಹಳೆಯ ಮೇಸ್ತ್ರಿಗಳಿಗೆ ಮಾತ್ರ ಅದು ಇಂದಿಗೂ ಮೈಕೋ ಪಂಪ್. ಅದರೊಳಗಿನ ಪ್ಲಂಜರ್ ಮತ್ತು ಅದರ ಗೂಡಿನ ನಡುವಿನ ಸಂದು ಕೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ, ಕೆಲವೇ ಮೈಕ್ರಾನ್. ಅಂಥ ಜಾಗಕ್ಕೆ ಒಂದು ಹನಿ ನೀರು ಹೋಗಿ ಕೂತರೂ ಕೆಲಸ ಕೆಟ್ಟಿತು. ಪಂಪು ಮತ್ತು ನೋಜಲ್‌ಗಳನ್ನು ಕ್ಯಾಲಿಬ್ರೇಶನ್‌ಗೆ ಕಳುಹಿಸಿದೆವು. ಎರಡು ಪ್ಲಂಜರ್ ಹೋಗಿತ್ತು. ಮಂಜಿನಂತೆ ಸಿಂಪಡಿಸಬೇಕಾದ ನೋಜಲ್‌ಗಳಲ್ಲಿ ಒಂದು ಸೋರುವ ನಲ್ಲಿಯಂತೆ ಹನಿ ಬೀಳಿಸುತ್ತಿತ್ತು. ಪಂಪಿನ ಹಳೆಯ ರಬ್ಬರ್ ಸೀಲುಗಳನ್ನೂ ಬದಲಿಸಲು ಹೇಳಿದರು. 2020ರ ಏಪ್ರಿಲಿನಿಂದ ದೇಶದೆಲ್ಲೆಡೆ ಬಂದಿರುವ ಬಿಎಸ್ 6 ಡೀಸೆಲಿನಲ್ಲಿ ಗಂಧಕ ತೀರಾ ಕಡಿಮೆ. ಗಾಳಿಗೆ ಅದು ಒಳ್ಳೆಯದು. ಹಳೆಯ ಡೀಸೆಲಿಗೆ ಒಗ್ಗಿಹೋದ ಸೀಲುಗಳು ಮಾತ್ರ ಇದರಲ್ಲಿ ಕುಗ್ಗಿ ಸೋರುವುದುಂಟು.

ಎಲ್ಲ ಜೋಡಿಸಿದ ಮೇಲೆ ಇಲ್ಲೂ ಮತ್ತೆ ಅದೇ ಕೊನೆಯ ಕೆಲಸ, ಗಾಳಿ ತೆಗೆಯುವುದು. ಹ್ಯಾಂಡ್ ಪಂಪ್ ಒತ್ತುತ್ತಾ ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಪಂಪಿನದು, ಆಮೇಲೆ ಒಂದೊಂದೇ ನೋಜಲಿನ ನಟ್ಟು ಸಡಿಲಿಸಬೇಕು. ನೊರೆ ನಿಂತು ಗುಳ್ಳೆಯಿಲ್ಲದ ಡೀಸೆಲ್ ಬರಬೇಕು. ಚಲಿಸುವುದಕ್ಕೂ ನಿಲ್ಲುವುದಕ್ಕೂ ಗಾಡಿಯಲ್ಲಿ ಬೇರೆ ಬೇರೆ ವ್ಯವಸ್ಥೆಗಳಿದ್ದರೂ ಎರಡರ ಶತ್ರುಗಳೂ ಅವೇ, ನೀರು ಮತ್ತು ಗಾಳಿ. ಎರಡೂ ಸದ್ದಿಲ್ಲದೆ ಬರುವಂಥವು, ಗಾಡಿ ನಿಂತಾಗ ಬರುವಂಥವು. "ಇದು ಓಡಿ ಬಂದ ಕಾಯಿಲೆ ಅಲ್ಲ ಸಾಯ್ಬರೆ, ನಿಂತು ಬಂದ ಕಾಯಿಲೆ" ಎಂದರು ಮೇಸ್ತ್ರಿ. ಡಿಸೆಂಬರಿನ ಒಂದು ಬೆಳಿಗ್ಗೆ ಇಂಜಿನ್ ಬಿಳಿ ಹೊಗೆ ಉಗುಳಿ, ಕೆಮ್ಮಿ, ಆಮೇಲೆ ಸಮನಾಗಿ ಗುಡುಗಿತು.

ಘಾಟಿಯ ಪರೀಕ್ಷೆಗೆ ಮಾಮು ತಾವೇ ಹೊರಟರು. ಮೇಸ್ತ್ರಿ ಬಿಡಲಿಲ್ಲ. "ಕೆಲಸ ಮಾಡಿದವ ನಾನು, ಮೊದಲು ಇಳಿಯುವವನೂ ನಾನೇ" ಎಂದು ಚಾಲಕನ ಸೀಟಿನಲ್ಲಿ ಕುಳಿತರು. ಖಾಲಿ ಗಾಡಿ ಸಾಲದೆಂದು ಹಿಂದೆ ಮರಳಿನ ಚೀಲಗಳನ್ನು ಹೇರಿಸಿದ್ದರು. ಸೋಮೇಶ್ವರ ದಾಟಿ ಹದಿನಾಲ್ಕು ತಿರುವು ಹತ್ತಿ, ಆಗುಂಬೆಯಲ್ಲಿ ಚಹಾ ಕುಡಿದು ಹಿಂದೆ ತಿರುಗಿದೆವು. ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಚಾಲಕರ ನಿಯಮ. ಗಾಡಿಯನ್ನು ಹಿಡಿಯುವ ಕೆಲಸದ ಹೆಚ್ಚಿನ ಪಾಲು ಇಂಜಿನ್ನಿಗೆ, ಉಳಿದದ್ದು ಮಾತ್ರ ಬ್ರೇಕಿಗೆ. ನಡುವೆ ಎರಡು ಕಡೆ ಬೇಕೆಂದೇ ನಿಲ್ಲಿಸಿ, ಇಳಿದು, ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ಶಾಖ ನೋಡಿದರು. ನಾಲ್ಕೂ ಒಂದೇ ಸಮ. ಯಾವುದಾದರೂ ಒಂದು ಹೆಚ್ಚು ಬಿಸಿ ಇದ್ದರೆ ಅದು ಎಳೆಯುತ್ತಿದೆ ಎಂದು ಅರ್ಥ, ಒಂದು ತಣ್ಣಗಿದ್ದರೆ ಅದು ಕೆಲಸವನ್ನೇ ಮಾಡುತ್ತಿಲ್ಲ. ಸೋಮೇಶ್ವರದ ಸಮತಟ್ಟಿಗೆ ಬಂದ ಮೇಲೆ ಕೀಲಿಕೈಯನ್ನು ಮಾಮುವಿನ ಕೈಗೆ ಕೊಟ್ಟರು.

ನನ್ನ ಬಾಲ್ಯದ ಉರ್ದು ಶಾಲೆಯಲ್ಲಿ ಅಮಾನತ್ ಎಂಬ ಶಬ್ದಕ್ಕೆ ಅರ್ಥ ಬರೆಸಿದ್ದರು: ಒಬ್ಬರು ನಂಬಿ ಕೊಟ್ಟದ್ದನ್ನು ಕೆಡದಂತೆ ಕಾಪಾಡಿ ಒಪ್ಪಿಸುವುದು. ಮುಂದೆ ಕನ್ನಡ ಶಾಲೆಗೆ ಬಂದಾಗ ಅದಕ್ಕೆ ಸರಿಯಾದ ಒಂದೇ ಶಬ್ದ ನನಗೆ ಸಿಗಲಿಲ್ಲ. ಬ್ರೇಕ್ ಕೆಲಸ ಮಾಡುವವನ ಕೈಯಲ್ಲಿರುವುದು ಅದೇ. ಯಾರೂ ನೋಡದ ಜಾಗದಲ್ಲಿ, ಕ್ಲಿಪ್ಪಿನ ಅಡಿಯ ತುಕ್ಕನ್ನು ಬಿಚ್ಚಿ ನೋಡುವುದೋ ಬಿಡುವುದೋ ಅವನಿಗೆ ಬಿಟ್ಟದ್ದು. ನೋಡದೆ ಬಿಟ್ಟರೂ ಆ ದಿನ ಯಾರಿಗೂ ತಿಳಿಯುವುದಿಲ್ಲ. ಮೇಸ್ತ್ರಿಗೆ ಈ ಅರಬಿ ಮೂಲದ ಶಬ್ದ ಗೊತ್ತಿಲ್ಲ, ಅದರ ಅಗತ್ಯವೂ ಅವರಿಗಿಲ್ಲ. 2022ರ ಆ ದಿನಗಳಲ್ಲಿ ನಮ್ಮ ಊರಿನಲ್ಲಿ ನಂಬಿಕೆ ಮುಗಿದುಹೋಯಿತು ಎಂದು ನಾವು ಕೆಲವು ಬರಹಗಾರರು ಬರೆದೆವು. ನಡೆದದ್ದು ಸುಳ್ಳಲ್ಲ, ನೋವೂ ಸುಳ್ಳಲ್ಲ. ಆದರೆ ಅದೇ ಊರಿನಲ್ಲಿ ಒಬ್ಬ ಮನುಷ್ಯ ನನ್ನ ಮಾಮು ಮುಮಾನಿಯರ ಪ್ರಾಣಕ್ಕಾಗಿ ಎರಡು ತಿಂಗಳು ಗಾಡಿಯಡಿ ಮಲಗಿ ಕೆಲಸ ಮಾಡಿದ್ದೂ ನಿಜ. ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ಊರಿನ ಲೆಕ್ಕ ಸರಿಹೊಂದುವುದಿಲ್ಲ.

ಖರ್ಚಿನ ಲೆಕ್ಕದಲ್ಲಿ ಗೆದ್ದದ್ದು ಮಗನೇ ಎಂದು ಹೇಳಬೇಕು. ಬಿಡಿಭಾಗ, ಕೂಲಿ, ಎಫ್.ಸಿ., ವಿಮೆ ಎಲ್ಲ ಸೇರಿದರೆ ಗುಜರಿಯ ಬೆಲೆಯನ್ನು ಹಲವು ಪಟ್ಟು ಮೀರಿತು. 2025ರ ಜನವರಿಯಲ್ಲಿ ಗಾಡಿ ಮೊದಲು ಹೋದದ್ದು ಅತ್ತೂರಿಗೆ. ಮುಮಾನಿ ಮುಂದಿನ ಸೀಟಿನಲ್ಲಿ ಕುಳಿತು ಹೋದರು. ಆಮೇಲೆ ಮೂರು ಜಾತ್ರೆಗಳಲ್ಲಿ ಅಂಗಡಿಗೆ ಜಾಗ ಸಿಕ್ಕಿತು. ಒಂದು ಕಡೆ ಸಮಿತಿಯ ಹಿರಿಯರೊಬ್ಬರು ತಾವಾಗಿಯೇ ಫೋನ್ ಮಾಡಿ, "ಸಾಯ್ಬರೆ, ಈ ವರ್ಷವಾದರೂ ಬನ್ನಿ, ಮಕ್ಕಳು ಬಳೆ ಕೇಳುತ್ತಿವೆ" ಎಂದಿದ್ದರು. ಇನ್ನೊಂದು ಕಡೆ ಸಿಗಲಿಲ್ಲ; ಮಾಮು ವಾದಿಸಲು ಹೋಗದೆ ಮುಂದಿನ ಊರಿನ ದಾರಿ ಹಿಡಿದರು. ಎಳ್ಳಮಾವಾಸ್ಯೆಯ ಜಾತ್ರೆಗೆ ಆ ವರ್ಷ ತಡವಾಗಿಹೋಗಿತ್ತು.

ಪತ್ತನಾಜೆಗೆ ಗಾಡಿ ಮನೆಗೆ ಬಂದು ನಿಂತಾಗ ಮೇಸ್ತ್ರಿ ಹೇಳಿದ್ದನ್ನೆಲ್ಲ ಮುಮಾನಿ ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆಸಿಕೊಂಡರು. ಡೀಸೆಲ್ ಟ್ಯಾಂಕು ತುಂಬಿಸಿ ನಿಲ್ಲಿಸಬೇಕು. ಹ್ಯಾಂಡ್ ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಡಬೇಕು, ಇಲ್ಲವಾದರೆ ಶೂ ಅಂಟುತ್ತದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಇಪ್ಪತ್ತು ಸಲ ಬ್ರೇಕ್ ಒತ್ತಿ, ಅಂಗಳದಲ್ಲೇ ನಾಲ್ಕು ಮಾರು ಮುಂದೆ ಹಿಂದೆ ಓಡಿಸಬೇಕು. ಎರಡು ವರ್ಷಕ್ಕೊಮ್ಮೆ ಬ್ರೇಕಿನ ದ್ರವ ಪೂರ್ತಿ ಬದಲಿಸಬೇಕು, ಅದು ನೋಡಲು ಎಷ್ಟೇ ತಿಳಿಯಾಗಿದ್ದರೂ. ಶುಕ್ರವಾರ ಮಧ್ಯಾಹ್ನ ನಮಾಝ್ ಮುಗಿಸಿ ಬಂದ ಮೇಲೆ ಮಾಮು ಈ ಕೆಲಸ ಮಾಡುತ್ತಾರೆ. ಸ್ಟಾರ್ಟ್ ಮಾಡಿದ ದಿನ ಮುಮಾನಿ ಆ ಪುಸ್ತಕದಲ್ಲಿ ಒಂದು ಗೀಟು ಎಳೆಯುತ್ತಾರೆ.